ಭಾರತದಲ್ಲಿ ಸಾಮಾಜಿಕ ಸುರಕ್ಷಾ ಯೋಜನೆಗಳಿಗೆ ಜನಬೆಂಬಲ

ಹಸಿವು, ನಿರುದ್ಯೋಗ, ಮುಪ್ಪು, ವೈಧವ್ಯ, ಅಂಗವೈಕಲ್ಯ ಮೊದಲಾದ ಸಂಕಷ್ಟಗಳಲ್ಲಿ ಪ್ರಜೆಗಳಿಗೆ ಆಸರೆಯಾಗಲೆಂದು ಸರ್ಕಾರವು ಸಾರ್ವಜನಿಕ ಹಣದಿಂದ ನಡೆಸುವ ಕಾರ್ಯಕ್ರಮಗಳನ್ನು ಸಾಮಾಜಿಕ ಸುರಕ್ಷಾ ಯೋಜನೆಗಳು ಎನ್ನುತ್ತಾರೆ. ಪಡಿತರ ವ್ಯವಸ್ಥೆ, ಶಾಲಾ ಮಕ್ಕಳ ಬಿಸಿಯೂಟ, ಉದ್ಯೋಗ ಖಾತರಿ, ವೃದ್ಧಾಪ್ಯ ವೇತನ, ವಿಧವಾ ವೇತನ ಹಾಗೂ ಈಚಿನ ವರ್ಷಗಳಲ್ಲಿ ಮಹಿಳೆಯರ ಖಾತೆಗೆ ನೇರವಾಗಿ ಹಣ ಜಮಾ ಮಾಡುವ ಯೋಜನೆಗಳು ಇವುಗಳಲ್ಲಿ ಮುಖ್ಯವಾದವು. ಇಂತಹ ಯೋಜನೆಗಳಿಗೆ ಸಮಾಜದಲ್ಲಿರುವ ಸಮ್ಮತಿಯು ಮತ, ತೆರಿಗೆ, ಚಳವಳಿ, ನ್ಯಾಯಾಲಯದ ದಾವೆ, ದೇಣಿಗೆ ಮುಂತಾದ ರೂಪಗಳಲ್ಲಿ ವ್ಯಕ್ತವಾಗುತ್ತದೆ.

ಜನಬೆಂಬಲವನ್ನು ಬಡವರ ಬಗೆಗಿನ ಅನುಕಂಪವೆಂದು ಅರ್ಥೈಸುವುದು ವಾಡಿಕೆ. ಭಾರತದ ಅನುಭವ ಇದಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ. ಒಂದು ಯೋಜನೆಯನ್ನು ಯಾರೂ ವಿರೋಧಿಸದಿರುವುದು ಬೇರೆ. ಅದು ನಿಂತುಹೋಗದಂತೆ, ಸೊರಗದಂತೆ ಕಾಯುವವರು ಇರುವುದು ಬೇರೆ. ಮೊದಲನೆಯದು ಬರಿಯ ಒಪ್ಪಿಗೆ, ಎರಡನೆಯದು ಬೆಂಬಲ. ಈ ಅಂತರದಿಂದಾಗಿಯೇ ಕೆಲವು ಯೋಜನೆಗಳು ಸರ್ಕಾರಗಳು ಬದಲಾದರೂ ಬೆಳೆದುಕೊಂಡು ಬಂದಿವೆ, ಮತ್ತೆ ಕೆಲವು ಕಾಗದದ ಮೇಲೆ ಉಳಿದಿದ್ದರೂ ಬೆಲೆಯೇರಿಕೆಯಲ್ಲಿ ಕರಗುತ್ತ ಬಂದಿವೆ.

ಹೆಸರು ಮತ್ತು ಪರಿಭಾಷೆ

ಈ ಯೋಜನೆಗಳನ್ನು ಯಾವ ಮಾತಿನಿಂದ ಕರೆಯುತ್ತೇವೆ ಎಂಬುದು ಜನಾಭಿಪ್ರಾಯದ ಮೇಲೆ ನೇರವಾಗಿ ಪರಿಣಾಮ ಬೀರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1980ರ ದಶಕದಿಂದ ನಡೆದುಬಂದ ಸಮೀಕ್ಷೆಗಳಲ್ಲಿ, ಒಂದೇ ವಿಷಯವನ್ನು ‘ವೆಲ್ಫೇರ್’ ಎಂಬ ಪದ ಬಳಸಿ ಕೇಳಿದಾಗ ಅದಕ್ಕೆ ಖರ್ಚು ಹೆಚ್ಚಾಯಿತೆಂದವರೇ ಅಧಿಕ. ‘ಬಡವರಿಗೆ ನೆರವು’ ಎಂದು ಕೇಳಿದಾಗ ಖರ್ಚು ಸಾಲದೆಂದವರೇ ಅಧಿಕ. ರಾಜ್ಯಶಾಸ್ತ್ರಜ್ಞ ಮಾರ್ಟಿನ್ ಗಿಲೆನ್ಸ್ 1999ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿರೋಧದ ಹಿಂದೆ ಕಪ್ಪು ಜನರ ಕುರಿತ ಪೂರ್ವಗ್ರಹವಿರುವುದನ್ನು ವಿವರವಾಗಿ ತೋರಿಸಿತು.

ಕನ್ನಡದಲ್ಲಿಯೂ ಪದಗಳ ಇಂತಹ ಮೇಲಾಟ ಕಾಣುತ್ತದೆ. ಟೀಕಾಕಾರರು ಹೆಚ್ಚಾಗಿ ಬಳಸುವುದು ‘ಬಿಟ್ಟಿ’ ಎಂಬ ಮಾತನ್ನು. ಸಂಸ್ಕೃತದ ‘ವಿಷ್ಟಿ’ಯ ತದ್ಭವವಾದ ಈ ಪದಕ್ಕೆ ಹಳೆಯ ಕಾಲದಲ್ಲಿ ಇದ್ದ ಅರ್ಥ, ಅರಸರೂ ಅಧಿಕಾರಿಗಳೂ ಕೂಲಿ ಕೊಡದೆ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ‘ಬಿಟ್ಟಿ ಚಾಕರಿ’, ‘ಬಿಟ್ಟಿ ಬೇಗಾರಿ’ ಎಂಬ ಪ್ರಯೋಗಗಳಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಬಡವರಿಂದ ಪುಕ್ಕಟೆಯಾಗಿ ಕಿತ್ತುಕೊಂಡ ಶ್ರಮವನ್ನು ಸೂಚಿಸುತ್ತಿದ್ದ ಮಾತು, ಇಂದು ಬಡವರಿಗೆ ಸಲ್ಲುವ ನೆರವನ್ನು ಹೀಯಾಳಿಸಲು ಬಳಕೆಯಾಗುತ್ತಿರುವುದು ಭಾಷೆಯ ವಿಪರ್ಯಾಸಗಳಲ್ಲಿ ಒಂದು.

ಸರ್ಕಾರಗಳು ಇಟ್ಟ ಹೆಸರುಗಳೂ ಗಮನಾರ್ಹ. 2006–07ರ ‘ಭಾಗ್ಯಲಕ್ಷ್ಮಿ’, 2013ರ ‘ಅನ್ನಭಾಗ್ಯ’ ಹಾಗೂ ‘ಕ್ಷೀರಭಾಗ್ಯ’ಗಳಲ್ಲಿ ಬರುವ ‘ಭಾಗ್ಯ’ವು ಅದೃಷ್ಟವನ್ನು ಸೂಚಿಸುತ್ತದೆ; ಕೊಡುವವನು ದೊಡ್ಡವನು, ಪಡೆಯುವವನು ಅದೃಷ್ಟವಂತ ಎಂಬ ಧ್ವನಿ ಅದರಲ್ಲಿದೆ. 2023ರಲ್ಲಿ ಬಂದ ‘ಗ್ಯಾರಂಟಿ’ ಎಂಬ ಮಾತು ವ್ಯಾಪಾರದ ಕರಾರಿನದು. ಕೊಟ್ಟ ಮಾತು ತಪ್ಪಿದರೆ ಕೇಳುವ ಹಕ್ಕು ಅದರೊಳಗೆ ಅಡಗಿದೆ. ಶಾಲಾ ಊಟದ ಯೋಜನೆಗೆ ಕರ್ನಾಟಕವು ಆರಿಸಿಕೊಂಡ ‘ಅಕ್ಷರ ದಾಸೋಹ’ ಎಂಬ ಹೆಸರು ಇವೆರಡಕ್ಕಿಂತ ಭಿನ್ನ. ಶರಣರ ಪರಂಪರೆಯಲ್ಲಿ ದಾಸೋಹವೆಂದರೆ ನೀಡುವವನೇ ತನ್ನನ್ನು ದಾಸನೆಂದು ತಿಳಿದು ನೀಡುವುದು. ಅಲ್ಲಿ ದಾನಿಯ ಹಮ್ಮಿಗೆ ಎಡೆಯಿಲ್ಲ. ಮಠಗಳ ಮತ್ತು ಕ್ಷೇತ್ರಗಳ ಪಂಕ್ತಿಯಲ್ಲಿ ಉಂಡು ಓದಿದವರು ತಲೆಮಾರುಗಳಿಂದ ಇರುವ ನಾಡಿನಲ್ಲಿ ಈ ಹೆಸರು ಯೋಜನೆಗೆ ಆರಂಭದಲ್ಲಿಯೇ ಗೌರವ ತಂದಿತು ಎನ್ನಬಹುದು.

ಸಂವಿಧಾನದ ನೆಲೆ

ಭಾರತ ಸಂವಿಧಾನದ 41ನೆಯ ವಿಧಿಯು ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯಗಳ ಸಂದರ್ಭದಲ್ಲಿ ಸಾರ್ವಜನಿಕ ನೆರವು ಒದಗಿಸಬೇಕೆಂದು ರಾಜ್ಯಕ್ಕೆ ಸೂಚಿಸುತ್ತದೆ; ಆದರೆ ಅದು ಆರ್ಥಿಕ ಸಾಮರ್ಥ್ಯದ ಮಿತಿಗೆ ಒಳಪಟ್ಟಿದೆ. 47ನೆಯ ವಿಧಿ ಜನರ ಪೌಷ್ಟಿಕತೆಯ ಮಟ್ಟವನ್ನು ಹೆಚ್ಚಿಸುವುದನ್ನು ರಾಜ್ಯದ ಕರ್ತವ್ಯವೆನ್ನುತ್ತದೆ. ಇವೆರಡೂ ನಿರ್ದೇಶಕ ತತ್ತ್ವಗಳು. ನ್ಯಾಯಾಲಯದ ಮೂಲಕ ನೇರವಾಗಿ ಜಾರಿಗೆ ತರಲು ಬರುವಂತಹವಲ್ಲ. ಆದುದರಿಂದ ಬಹುಕಾಲ ಈ ನೆರವುಗಳು ಆಯಾ ಸರ್ಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿದ್ದವು. ಅವು ಹಕ್ಕಿನ ರೂಪ ತಾಳಿದ್ದು ಬಹುಮಟ್ಟಿಗೆ 2001ರ ಬಳಿಕ.

ಪಡಿತರ: ಎಲ್ಲರದರಿಂದ ಬಡವರದಕ್ಕೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಗರಗಳಲ್ಲಿ ಮೊದಲಾದ ಪಡಿತರ ಪದ್ಧತಿ, 1965ರಲ್ಲಿ ಭಾರತೀಯ ಆಹಾರ ನಿಗಮದ ಸ್ಥಾಪನೆಯೊಂದಿಗೆ ಸ್ಥಿರಗೊಂಡಿತು. ಆಗ ಅದು ಬಡವರಿಗೆ ಮಾತ್ರ ಮೀಸಲಾಗಿರಲಿಲ್ಲ. ಗುಮಾಸ್ತರು, ಶಿಕ್ಷಕರು, ಸಣ್ಣ ವ್ಯಾಪಾರಿಗಳು ಕೂಲಿಕಾರರ ಜೊತೆಗೆ ಒಂದೇ ನ್ಯಾಯಬೆಲೆ ಅಂಗಡಿಯ ಮುಂದೆ ಸಕ್ಕರೆಗಾಗಿ, ಸೀಮೆಎಣ್ಣೆಗಾಗಿ ಸಾಲು ನಿಲ್ಲುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಹೆಚ್ಚಾದರೆ ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಬಲ್ಲವರು ಆ ಸಾಲಿನಲ್ಲಿದ್ದರು.

1997ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ‘ಉದ್ದೇಶಿತ ಸಾರ್ವಜನಿಕ ವಿತರಣಾ ವ್ಯವಸ್ಥೆ’ಯನ್ನು ಜಾರಿಗೆ ತಂದಿತು. ಕುಟುಂಬಗಳನ್ನು ಬಡತನ ರೇಖೆಗಿಂತ ಕೆಳಗಿನವು, ಮೇಲಿನವು ಎಂದು ವಿಂಗಡಿಸಲಾಯಿತು; ಬಿಪಿಎಲ್, ಎಪಿಎಲ್ ಎಂಬ ಅಕ್ಷರಗಳು ಹಳ್ಳಿಯ ಆಡುಮಾತಿಗೂ ಬಂದುವು. 2000ದ ಹೊತ್ತಿಗೆ ಎಪಿಎಲ್ ಧಾನ್ಯದ ಬೆಲೆಯನ್ನು ಸರ್ಕಾರದ ಪೂರ್ಣ ವೆಚ್ಚದ ಮಟ್ಟಕ್ಕೆ ಏರಿಸಿದ್ದರಿಂದ ಆ ಚೀಟಿಯವರು ಅಂಗಡಿಗೆ ಬರುವುದನ್ನೇ ಬಿಟ್ಟರು. ನಿಜವಾದ ಬಡವರಿಗೆ ಹೆಚ್ಚು ಕೊಡಲು ದಾರಿಯಾಗುತ್ತದೆ ಎಂಬುದು ಈ ಕ್ರಮದ ಹಿಂದಿನ ತರ್ಕ. ನಡೆದುದು ಬೇರೆ. ದನಿಯುಳ್ಳ ಬಳಕೆದಾರರು ಹೊರಗೆ ಹೋದ ಮೇಲೆ ಅಂಗಡಿಯ ಮೇಲ್ವಿಚಾರಣೆ ಸಡಿಲವಾಯಿತು. ಸಮೀಕ್ಷೆಯ ತಪ್ಪುಗಳಿಂದ ಅರ್ಹ ಕುಟುಂಬಗಳು ಪಟ್ಟಿಯಿಂದ ಹೊರಗುಳಿದವು, ಅನುಕೂಲಸ್ಥರು ಒಳಗೆ ಸೇರಿದರು. 2002ರ ವೇಳೆಗೆ ಸರ್ಕಾರಿ ಗೋದಾಮುಗಳಲ್ಲಿ ಸುಮಾರು 6 ಕೋಟಿ ಟನ್ ಧಾನ್ಯ ರಾಶಿ ಬಿದ್ದಿತ್ತು. ರಾಜಸ್ಥಾನವೂ ಸೇರಿದಂತೆ ಹಲವು ಕಡೆಗಳಲ್ಲಿ ಅದೇ ಕಾಲಕ್ಕೆ ಬರಗಾಲದ ಹಸಿವು ತಾಂಡವವಾಡುತ್ತಿತ್ತು.

ಬಡವರಿಗೆಂದೇ ಮೀಸಲಾದ ಸೇವೆಗಳು ಕಳಪೆ ಸೇವೆಗಳಾಗಿಬಿಡುತ್ತವೆ ಎಂಬ ವಿಚಾರವನ್ನು ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ ಹಾಗೂ ಭಾರತದ ಅಮರ್ತ್ಯ ಸೇನ್ ಬೇರೆ ಬೇರೆ ಸಂದರ್ಭಗಳಲ್ಲಿ ಮಂಡಿಸಿದ್ದಾರೆ. ಸ್ವೀಡನ್ನಿನ ಸಮಾಜಶಾಸ್ತ್ರಜ್ಞರಾದ ವಾಲ್ಟರ್ ಕೊರ್ಪಿ ಮತ್ತು ಯೋಆಕಿಂ ಪಾಲ್ಮೆ 1998ರಲ್ಲಿ ಇದನ್ನು ‘ಮರುಹಂಚಿಕೆಯ ವಿರೋಧಾಭಾಸ’ ಎಂದು ಕರೆದರು. ಬಡವರಿಗೆ ಮಾತ್ರ ಎಂದು ಗುರಿಯಿಟ್ಟಷ್ಟೂ ಮಧ್ಯಮ ವರ್ಗದ ಆಸಕ್ತಿ ಕುಗ್ಗಿ ಒಟ್ಟು ನಿಧಿಯೇ ಸಣ್ಣದಾಗುತ್ತದೆ. ಎಲ್ಲರನ್ನೂ ಒಳಗೊಂಡ ನಾಡುಗಳಲ್ಲಿ ಬಡವರಿಗೂ ಅಂತಿಮವಾಗಿ ಹೆಚ್ಚು ದೊರೆಯುತ್ತದೆ ಎಂಬುದು ಅವರ ಪ್ರತಿಪಾದನೆ. ಆದಾಯದ ಭೇದವಿಲ್ಲದೆ ಪಡಿತರವನ್ನು ಉಳಿಸಿಕೊಂಡ ತಮಿಳುನಾಡಿನ ವ್ಯವಸ್ಥೆ 1997ರ ನಂತರವೂ ಗಟ್ಟಿಯಾಗಿ ನಿಂತದ್ದು ಇದಕ್ಕೆ ಭಾರತದೊಳಗಿನ ನಿದರ್ಶನ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಗ್ರಾಮೀಣ ಜನಸಂಖ್ಯೆಯ 75 ಪ್ರತಿಶತ ಹಾಗೂ ನಗರ ಜನಸಂಖ್ಯೆಯ 50 ಪ್ರತಿಶತದವರೆಗೆ ವ್ಯಾಪ್ತಿಯನ್ನು ಹಿಗ್ಗಿಸಿ, ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಕಾನೂನಿನ ಹಕ್ಕಾಗಿಸಿತು. ಕರ್ನಾಟಕದಲ್ಲಿ ಅದೇ ವರ್ಷದ ಜುಲೈಯಲ್ಲಿ ಕಿಲೋಗೆ 1 ರೂಪಾಯಿಯಂತೆ ಆರಂಭವಾದ ಅನ್ನಭಾಗ್ಯದ ಅಕ್ಕಿ 2015ರಿಂದ ಉಚಿತವಾಯಿತು. 2023ರ ಜನವರಿಯಿಂದ ಕೇಂದ್ರದ ಧಾನ್ಯವೂ ಉಚಿತವಾಗಿದೆ.

ಧಾನ್ಯದ ಬದಲು ಹಣ ಕೊಟ್ಟರೆ ಜನ ಒಪ್ಪುವರೇ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞೆ ರೀತಿಕಾ ಖೇರಾ ಮತ್ತು ಸಂಗಡಿಗರು 2011ರಲ್ಲಿ ಒಂಬತ್ತು ರಾಜ್ಯಗಳ ಹಳ್ಳಿಗಳಲ್ಲಿ ಕೇಳಿದರು. ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಧಾನ್ಯವೇ ಬೇಕೆಂದರು. ಅಂಗಡಿ ಸರಿಯಾಗಿ ನಡೆಯುವ ಕಡೆ ಧಾನ್ಯದ ಪರ ಒಲವು ಹೆಚ್ಚು, ವ್ಯವಸ್ಥೆ ಹದಗೆಟ್ಟ ಬಿಹಾರದಂತಹ ಕಡೆ ಹಣದ ಪರ ಒಲವು ಹೆಚ್ಚು ಎಂಬುದು ಅದಕ್ಕಿಂತ ಮುಖ್ಯವಾದ ಸಂಗತಿ. ಜನರ ಬೆಂಬಲ ತತ್ತ್ವಕ್ಕಿಂತ ಅನುಭವವನ್ನು ಹಿಂಬಾಲಿಸುತ್ತದೆ. 2023ರಲ್ಲಿ ಹೆಚ್ಚುವರಿ ಅಕ್ಕಿ ದೊರೆಯದೆ ಕರ್ನಾಟಕ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಕೊಡತೊಡಗಿತು. 2025ರ ಫೆಬ್ರುವರಿಯಿಂದ ಮರಳಿ ಅಕ್ಕಿಯನ್ನೇ ವಿತರಿಸಲು ನಿರ್ಧರಿಸಿತು.

ಬಿಸಿಯೂಟ

ಮಕ್ಕಳಿಗೆ ಮತವಿಲ್ಲ. ಆದರೂ ಶಾಲಾ ಊಟದ ಯೋಜನೆ ದೇಶದಲ್ಲಿ ಅತಿ ಹೆಚ್ಚು ಸುಭದ್ರವಾಗಿ ಬೇರೂರಿದ ಸುರಕ್ಷಾ ಯೋಜನೆಗಳಲ್ಲಿ ಒಂದು. ಇದು ಹೇಗಾಯಿತು ಎಂಬುದು ವಿವರವಾಗಿ ನೋಡತಕ್ಕ ವಿಷಯ.

ಮದರಾಸು ನಗರಪಾಲಿಕೆ 1920ರಲ್ಲಿ ಥೌಸಂಡ್ ಲೈಟ್ಸ್ ಪ್ರದೇಶದ ಶಾಲೆಯೊಂದರಲ್ಲಿ ಊಟ ಕೊಡುವ ಪ್ರಯೋಗ ನಡೆಸಿತ್ತು. 1956ರಲ್ಲಿ ಮುಖ್ಯಮಂತ್ರಿ ಕೆ. ಕಾಮರಾಜರು ಅದನ್ನು ರಾಜ್ಯಮಟ್ಟಕ್ಕೆ ಒಯ್ದಾಗ ಸರ್ಕಾರದ ಹಣದೊಂದಿಗೆ ಊರವರ ದೇಣಿಗೆಯೂ ಸೇರಿತ್ತು; ಅಕ್ಕಿ, ತರಕಾರಿ, ಪಾತ್ರೆ ಕೊಟ್ಟ ಊರಿಗೆ ಆ ಊಟ ತನ್ನದೆನಿಸಿತು. 1982ರಲ್ಲಿ ಎಂ. ಜಿ. ರಾಮಚಂದ್ರನ್ ಅದನ್ನು ಬೃಹತ್ತಾಗಿ ವಿಸ್ತರಿಸಿದಾಗ ಇಷ್ಟು ಖರ್ಚು ರಾಜ್ಯವನ್ನು ಮುಳುಗಿಸುತ್ತದೆ ಎಂಬ ಟೀಕೆಗಳು ಬಂದವು. ಮುಂದೆ ಬಂದ ಯಾವ ಸರ್ಕಾರವೂ ಅದನ್ನು ನಿಲ್ಲಿಸಲಿಲ್ಲ. ಎದುರು ಪಕ್ಷದ ಸರ್ಕಾರ 1989ರಲ್ಲಿ ಅದಕ್ಕೆ ಮೊಟ್ಟೆಯನ್ನು ಸೇರಿಸಿತು.

ಕೇಂದ್ರ ಸರ್ಕಾರದ ಕಾರ್ಯಕ್ರಮ 1995ರ ಆಗಸ್ಟ್ 15ರಂದು ಆರಂಭವಾದರೂ ಬಹುತೇಕ ರಾಜ್ಯಗಳಲ್ಲಿ ಮಕ್ಕಳಿಗೆ ತಿಂಗಳಿಗೆ 3 ಕಿಲೋ ಧಾನ್ಯ ಮನೆಗೆ ಕೊಡುವುದಷ್ಟೇ ನಡೆಯುತ್ತಿತ್ತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯ ರಾಜಸ್ಥಾನ ಘಟಕದ ಕಡೆಯಿಂದ 2001ರಲ್ಲಿ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರ್ 28ರಂದು, ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ ಎಂದು ಆದೇಶ ಅಳತೆಯನ್ನೂ ಗೊತ್ತುಮಾಡಿತು. 2004ರ ಏಪ್ರಿಲ್ 20ರ ಆದೇಶ ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ನೀಡಬೇಕೆಂದಿತು. ಇದರಿಂದ ಊಟದ ಪ್ರಶ್ನೆ ಪಂಕ್ತಿಭೇದದ ಪ್ರಶ್ನೆಯೂ ಆಯಿತು. ದಲಿತ ಮಹಿಳೆ ಬೇಯಿಸಿದ ಅನ್ನವನ್ನು ತಮ್ಮ ಮಕ್ಕಳು ಉಣ್ಣಬಾರದೆಂದು ಪಾಲಕರು ತಡೆದ ಪ್ರಕರಣಗಳು ಕರ್ನಾಟಕದಲ್ಲಿಯೂ ವರದಿಯಾಗಿವೆ. ಬೆಂಬಲದ ಕೊರತೆ ಹಣದ ಲೆಕ್ಕದಿಂದ ಮಾತ್ರ ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷ್ಯ ಬೇಕಿಲ್ಲ.

ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಆರಂಭದ ದಿನಗಳಲ್ಲಿ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಂಡದ್ದು ಹಲ್ಲಿ ಬಿದ್ದ ಸಾಂಬಾರು, ವಾಂತಿಭೇದಿ, ಪಾಠ ಬಿಟ್ಟು ಬೇಳೆ ಅಳೆಯುವ ಶಿಕ್ಷಕರ ಸುದ್ದಿಗಳು. ಶಿಕ್ಷಕರ ದೂರಿನಲ್ಲಿ ಹುರುಳಿತ್ತು. ಲೆಕ್ಕ ಬರೆಯುವ ಹೊರೆ ಇಂದಿಗೂ ತಪ್ಪಿಲ್ಲ. ಆದರೆ 2003ರಲ್ಲಿ ಜಾನ್ ದ್ರೇಜ್ ಮತ್ತು ಅಪರಾಜಿತಾ ಗೋಯಲ್ ಅವರು ಛತ್ತೀಸಗಢ, ರಾಜಸ್ಥಾನ, ಕರ್ನಾಟಕಗಳ ಶಾಲೆಗಳ ಸಮೀಕ್ಷೆಯನ್ನು ಆಧರಿಸಿ ಬರೆದ ಲೇಖನದ ಪ್ರಕಾರ ಬಹುಪಾಲು ಪಾಲಕರು ಊಟ ಮುಂದುವರಿಯಬೇಕೆಂದೇ ಬಯಸಿದ್ದರು. ಬೆಳಗ್ಗೆ ಹೊಲಕ್ಕೆ ಹೋಗುವ ತಾಯಿಗೆ ಮಧ್ಯಾಹ್ನ ಮಗು ಉಂಡಿದೆ ಎಂಬ ನೆಮ್ಮದಿ ಸಣ್ಣದಲ್ಲ. ಹೀಗೆ ಪಾಲಕರು, ಅಡುಗೆಯವರು, ಶಾಲೆ, ನ್ಯಾಯಾಲಯ ಎಂಬ ನಾಲ್ಕು ಕಡೆಯ ಆಧಾರ ಈ ಯೋಜನೆಗೆ ಒದಗಿತು.

ದಾನಿಗಳ ಪಾತ್ರವೂ ಇಲ್ಲಿ ಉಲ್ಲೇಖಾರ್ಹ. 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಕ್ಷಯ ಪಾತ್ರ ಪ್ರತಿಷ್ಠಾನ ಸರ್ಕಾರದ ಅನುದಾನಕ್ಕೆ ದೇಣಿಗೆಯನ್ನು ಸೇರಿಸಿ ಲಕ್ಷಾಂತರ ಮಕ್ಕಳಿಗೆ ಊಟ ಒದಗಿಸುತ್ತಿದೆ; ಅದರ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದಿರುವುದು ವಿವಾದಕ್ಕೂ ಕಾರಣವಾಗಿದೆ. ದೇಣಿಗೆಯ ಬೆನ್ನಿಗೇ ಕೊಡುವವರ ಆಚಾರವೂ ಎಲೆಗೆ ಬರುತ್ತದೆ ಎಂಬುದು ಆಹಾರ ಹಕ್ಕಿನ ಕಾರ್ಯಕರ್ತರ ಆಕ್ಷೇಪ. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಕೆಲವು ಮಠಾಧೀಶರು ಪ್ರತಿಭಟಿಸಿದರು. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಇತ್ತು. ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಗಂಗಾವತಿಯ ಶಾಲಾ ಬಾಲಕಿಯರು ಮೊಟ್ಟೆಯ ಪರವಾಗಿ ಆಡಿದ ಮಾತುಗಳು ರಾಜ್ಯದಾದ್ಯಂತ ಚರ್ಚೆಯಾದವು. ಯೋಜನೆಯ ಫಲಾನುಭವಿಗಳೇ ಅದರ ಪರ ಸಾರ್ವಜನಿಕವಾಗಿ ವಾದ ಹೂಡಿದ ಅಪರೂಪದ ಸಂದರ್ಭ ಅದು. ಮುಂದೆ ಇದು ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜೀ ಪ್ರತಿಷ್ಠಾನವು ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ನೀಡಲು ಒಪ್ಪಿದ ಮೇಲೆ ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನವಾಯಿತು.

ಇಷ್ಟೆಲ್ಲ ಬೆಂಬಲದ ನಡುವೆಯೂ ಅಡುಗೆಯವರ ಪಾಡು ಬದಲಾಗಲಿಲ್ಲ. ಕೇಂದ್ರ ಸರ್ಕಾರ 2009ರಲ್ಲಿ ಅವರಿಗೆ ನಿಗದಿಪಡಿಸಿದ ತಿಂಗಳಿಗೆ 1,000 ರೂಪಾಯಿ ಗೌರವಧನ, ಅದೂ ವರ್ಷಕ್ಕೆ ಹತ್ತು ತಿಂಗಳು, ದೀರ್ಘಕಾಲ ಅಲ್ಲಿಯೇ ನಿಂತಿತು. ರಾಜ್ಯಗಳು ತಮ್ಮ ಪಾಲು ಸೇರಿಸಿದ ಕಡೆ ಮಾತ್ರ ತುಸು ಹೆಚ್ಚು ದೊರೆಯುತ್ತದೆ. ‘ಗೌರವಧನ’ ಎಂದು ಕರೆದುದರಿಂದ ಅದು ಕೂಲಿಯಾಗುವುದಿಲ್ಲ, ಕನಿಷ್ಠ ವೇತನದ ಕಾನೂನೂ ತಾಗುವುದಿಲ್ಲ.

ಉದ್ಯೋಗ ಖಾತರಿ ಮತ್ತು ನಗರದ ತೆರಿಗೆ

ಪಟ್ಟಣದವರು ಹಳ್ಳಿಯವರಿಗಾಗಿ ತೆರಿಗೆ ಕೊಡಲು ಒಪ್ಪಿದ ನಿದರ್ಶನ ಮಹಾರಾಷ್ಟ್ರದ್ದು. 1970ರ ದಶಕದ ಆರಂಭದ ಭೀಕರ ಬರಗಾಲದಲ್ಲಿ ಅಲ್ಲಿ ಲಕ್ಷಾಂತರ ಜನ ಬರ ಕಾಮಗಾರಿಗಳಲ್ಲಿ ದುಡಿದು ಬದುಕಿದರು. ಆ ಅನುಭವದ ಬೆನ್ನಿಗೆ, ವಿ. ಸ. ಪಾಗೆ ಅವರು ರೂಪಿಸಿದ ಉದ್ಯೋಗ ಖಾತರಿ ಯೋಜನೆಯು 1977ರಲ್ಲಿ ಕಾಯ್ದೆಯಾಯಿತು. ನಗರಗಳ ಸಂಬಳದಾರರು ಮತ್ತು ವೃತ್ತಿನಿರತರ ಮೇಲೆ ವಿಧಿಸಿದ ವೃತ್ತಿ ತೆರಿಗೆ ಅದಕ್ಕೆ ಮುಖ್ಯ ಆದಾಯವಾಯಿತು. ರಾಜ್ಯ ತನ್ನ ಪಾಲನ್ನು ಸೇರಿಸಿತು. ಬರ ಬಂದಾಗ ಗುಳೆ ಹೊರಟವರು ಸೇರುತ್ತಿದ್ದುದು ಮುಂಬಯಿಯನ್ನೇ. ಹಳ್ಳಿಯಲ್ಲಿ ಕೆಲಸವಿದ್ದರೆ ನಗರಕ್ಕೂ ಹಗುರ ಎಂಬುದು ತೆರಿಗೆ ಕೊಡುವವನಿಗೂ ಅರ್ಥವಾಗುವ ಮಾತಾಗಿತ್ತು. ಬಾವಿ, ಬದುಗಳಿಂದ ಜಮೀನಿನ ಒಡೆಯರಿಗೂ ಲಾಭವಿತ್ತು.

ಇದರ ಮಾದರಿಯಲ್ಲಿ ಬಂದ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ನೀಡಿತು. ಲೋಕಸಭೆಯಲ್ಲಿ ಅದಕ್ಕೆ ಎಲ್ಲ ಪಕ್ಷಗಳ ಸಮ್ಮತಿ ದೊರೆತಿತ್ತು. 2015ರ ಫೆಬ್ರುವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಲೋಕಸಭೆಯಲ್ಲಿ ಇದನ್ನು ಹಿಂದಿನ ಸರ್ಕಾರದ ವೈಫಲ್ಯದ ಸ್ಮಾರಕವೆಂದು ಟೀಕಿಸಿದರು. 2020ರಲ್ಲಿ ಕೊರೊನಾ ದಿಗ್ಬಂಧನದಿಂದ ಕೋಟ್ಯಂತರ ಕಾರ್ಮಿಕರು ಊರಿಗೆ ಮರಳಿದಾಗ ಅದೇ ಸರ್ಕಾರ ಇದೇ ಯೋಜನೆಗೆ ಹೆಚ್ಚುವರಿ 40,000 ಕೋಟಿ ರೂಪಾಯಿ ಒದಗಿಸಿತು. ಆ ವರ್ಷದ ವೆಚ್ಚ 1 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತು.

ಕರ್ನಾಟಕದ ಗ್ಯಾರಂಟಿ ಯೋಜನೆಗಳು

2023ರ ವಿಧಾನಸಭಾ ಚುನಾವಣೆಯ ಪೂರ್ವದಲ್ಲಿ ಕಾಂಗ್ರೆಸ್ ಪಕ್ಷ ಐದು ಗ್ಯಾರಂಟಿಗಳನ್ನು ಘೋಷಿಸಿತು: ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕಲ್ಪಿಸುವ ಶಕ್ತಿ, 200 ಯೂನಿಟ್‌ವರೆಗಿನ ಗೃಹಜ್ಯೋತಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ, 10 ಕಿಲೋ ಅಕ್ಕಿಯ ಅನ್ನಭಾಗ್ಯ, ಪದವೀಧರರಿಗೆ 3,000 ಹಾಗೂ ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯ ಯುವನಿಧಿ. ಭಾರತೀಯ ಜನತಾ ಪಕ್ಷದ ಪ್ರಣಾಳಿಕೆಯಲ್ಲಿಯೂ ಬಿಪಿಎಲ್ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಅಡುಗೆ ಅನಿಲ ಸಿಲಿಂಡರ್‌ಗಳ ಭರವಸೆ ಇತ್ತು. ಕಾಂಗ್ರೆಸ್ 135 ಸ್ಥಾನ ಗೆದ್ದಿತು.

ಈ ಐದರಲ್ಲಿ ಜನರ ಕಣ್ಣಿಗೆ ಹೆಚ್ಚು ಕಂಡದ್ದು 2023ರ ಜೂನ್ 11ರಂದು ಆರಂಭವಾದ ಶಕ್ತಿ. ಇದಕ್ಕೆ ಆದಾಯದ ಮಿತಿಯಿಲ್ಲ, ಅರ್ಜಿಯಿಲ್ಲ. ಗುರುತಿನ ಚೀಟಿ ತೋರಿಸಿದರೆ ನಿರ್ವಾಹಕ ಶೂನ್ಯ ಟಿಕೆಟ್ ಹರಿದು ಕೊಡುತ್ತಾನೆ. ಸಿದ್ಧ ಉಡುಪಿನ ಕಾರ್ಖಾನೆಯ ಕೆಲಸಗಾರ್ತಿ, ಕಾಲೇಜು ಹುಡುಗಿ, ಬ್ಯಾಂಕಿನ ಉದ್ಯೋಗಿ ಒಂದೇ ಬಸ್ಸಿನಲ್ಲಿ ಒಂದೇ ಬಗೆಯ ಟಿಕೆಟ್ ಹಿಡಿದಿರುತ್ತಾರೆ. 2025ರ ಜುಲೈ ಹೊತ್ತಿಗೆ ಇಂತಹ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಬಸ್ಸಿನ ನೂಕುನುಗ್ಗಲು, 2025ರ ಜನವರಿಯಲ್ಲಿ ಆದ 15 ಪ್ರತಿಶತ ದರ ಏರಿಕೆಗಳಿಂದ ಪುರುಷ ಪ್ರಯಾಣಿಕರಲ್ಲಿ ಅಸಮಾಧಾನವೂ ಹುಟ್ಟಿತು. ಆಟೊ ಹಾಗೂ ಖಾಸಗಿ ವಾಹನ ಚಾಲಕರು ಆದಾಯ ಕುಸಿಯಿತೆಂದು 2023ರ ಸೆಪ್ಟೆಂಬರ್ 11ರಂದು ಬೆಂಗಳೂರು ಬಂದ್ ಆಚರಿಸಿದರು. ಅವರೂ ದಿನದ ದುಡಿಮೆಯಿಂದ ಬದುಕುವವರೇ ಆದುದರಿಂದ ಈ ವಿರೋಧವನ್ನು ಉಳ್ಳವರ ಅಸಹನೆಯೆಂದು ತಳ್ಳಿಹಾಕಲಾಗದು.

ಗೃಹಲಕ್ಷ್ಮಿಯಲ್ಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪಾವತಿಸುವ ಕುಟುಂಬಗಳನ್ನು ಮಾತ್ರ ಹೊರಗಿಡಲಾಯಿತು. ಬಡವರನ್ನು ಆರಿಸಿ ಒಳಗೆ ತರುವ ಬದಲು ಅನುಕೂಲಸ್ಥರನ್ನು ಹೊರಗಿಟ್ಟು ಉಳಿದವರನ್ನೆಲ್ಲ ಸೇರಿಸುವ ಈ ಕ್ರಮದಿಂದ ಅರ್ಹರು ಕೈಬಿಟ್ಟುಹೋಗುವ ಸಂಭವ ಕಡಿಮೆ. ಕಂತು ತಿಂಗಳುಗಟ್ಟಲೆ ತಡವಾದಾಗ ಮಹಿಳೆಯರು ಬಹಿರಂಗವಾಗಿ ಪ್ರಶ್ನಿಸಿದ್ದು, ಅದನ್ನು ಅವರು ಕೃಪೆಯೆಂದು ಭಾವಿಸಿಲ್ಲ ಎಂಬುದನ್ನು ತೋರಿಸುತ್ತದೆ. 2024ರ ನವೆಂಬರ್‌ನಲ್ಲಿ ಅನರ್ಹರ ಬಿಪಿಎಲ್ ಚೀಟಿಗಳನ್ನು ರದ್ದುಪಡಿಸಲು ಹೊರಟಾಗಲೂ ಇದೇ ಕಂಡಿತು. ಅರ್ಹರ ಚೀಟಿಗಳೂ ಹೋದವೆಂದು ಕೂಗೆದ್ದು, ಅವನ್ನು ಮರಳಿಸಲು ಸರ್ಕಾರ ಸೂಚಿಸಬೇಕಾಯಿತು.

ಯೋಜನೆಯ ಬಗೆಗಿನ ಮೆಚ್ಚುಗೆ ಮತವಾಗಿ ಪರಿಣಮಿಸಲೇಬೇಕೆಂದಿಲ್ಲ. ಗ್ಯಾರಂಟಿಗಳು ಜಾರಿಯಲ್ಲಿದ್ದ 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ ಕಾಂಗ್ರೆಸ್ 9ನ್ನು ಮಾತ್ರ ಗೆದ್ದಿತು. ಬಿಜೆಪಿಗೆ 17, ಜನತಾದಳಕ್ಕೆ 2 ದೊರೆತವು. ಮತ ಬರಲಿಲ್ಲವೆಂದು ಗ್ಯಾರಂಟಿ ನಿಲ್ಲಿಸಬೇಕೆಂಬ ಮಾತು ಆಡಳಿತ ಪಕ್ಷದೊಳಗೇ ಕೇಳಿಬಂದರೂ ಅವು ನಿಲ್ಲಲಿಲ್ಲ. ಅತ್ತ ಮಧ್ಯಪ್ರದೇಶದಲ್ಲಿ 2023ರಲ್ಲಿ ಲಾಡ್ಲಿ ಬಹನಾ, ಮಹಾರಾಷ್ಟ್ರದಲ್ಲಿ 2024ರಲ್ಲಿ ಲಾಡ್ಕಿ ಬಹೀಣ್ ಯೋಜನೆಗಳನ್ನು ಬಿಜೆಪಿ ಅಧಿಕಾರದಲ್ಲಿದ್ದ ಅಥವಾ ಪಾಲುದಾರನಾಗಿದ್ದ ಸರ್ಕಾರಗಳು ತಂದವು.

‘ರೇವಡಿ’ ವಾದ ಮತ್ತು ಖರ್ಚಿನ ಪ್ರಶ್ನೆ

2022ರ ಜುಲೈಯಲ್ಲಿ ಬುಂದೇಲಖಂಡ ಹೆದ್ದಾರಿಯ ಉದ್ಘಾಟನೆಯಲ್ಲಿ ಪ್ರಧಾನಿಯವರು ಉಚಿತ ಕೊಡುಗೆಗಳನ್ನು ಜಾತ್ರೆಯಲ್ಲಿ ಹಂಚುವ ಎಳ್ಳಿನ ಮಿಠಾಯಿಗೆ ಹೋಲಿಸಿ ‘ರೇವಡಿ ಸಂಸ್ಕೃತಿ’ ಎಂದು ಟೀಕಿಸಿದರು. ಅದಕ್ಕೆ ಮುನ್ನ, ತಮಿಳುನಾಡಿನ ಬಣ್ಣದ ಟಿವಿ ಹಂಚಿಕೆಯನ್ನು ಪ್ರಶ್ನಿಸಿದ ಸುಬ್ರಮಣ್ಯಂ ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ, ಪ್ರಣಾಳಿಕೆಯ ಭರವಸೆಗಳು ಚುನಾವಣಾ ಭ್ರಷ್ಟಾಚಾರವಾಗವು ಎಂದಿತ್ತು. 2022ರ ಆಗಸ್ಟ್‌ನಲ್ಲಿ ಈ ವಿಷಯವನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

ತೆರಿಗೆದಾರರ ಹಣ ಪೋಲಾಗುತ್ತಿದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಇಲ್ಲಿ ತೆರಿಗೆದಾರನೆಂದರೆ ಆದಾಯ ತೆರಿಗೆ ಕೊಡುವವನೆಂದೇ ಭಾವಿಸಲಾಗುತ್ತದೆ. ಸಾಬೂನು, ಚಪ್ಪಲಿ, ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಕಾರ್ಮಿಕಳೂ ಜಿಎಸ್‌ಟಿ ಕೊಡುತ್ತಾಳೆ. ಖರ್ಚಿನ ಪ್ರಶ್ನೆಯಾದರೋ ಸುಳ್ಳಲ್ಲ. 2024–25ರಲ್ಲಿ ಕರ್ನಾಟಕದ ಮುಂಗಡಪತ್ರ ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ ರೂಪಾಯಿ ತೆಗೆದಿರಿಸಿತು. 2023–24ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗಳ ಸುಮಾರು 11,000 ಕೋಟಿ ರೂಪಾಯಿಯನ್ನು ಗ್ಯಾರಂಟಿಗಳ ಲೆಕ್ಕಕ್ಕೆ ಸೇರಿಸಿದ್ದನ್ನು ದಲಿತ ಸಂಘಟನೆಗಳು ತೀವ್ರವಾಗಿ ಖಂಡಿಸಿದವು. ಫಲಾನುಭವಿಗಳಲ್ಲಿ ಆ ಸಮುದಾಯದವರೂ ಇದ್ದಾರೆ ಎಂಬುದು ಸರ್ಕಾರದ ಸಮರ್ಥನೆ. ಹಾಸ್ಟೆಲು, ವಿದ್ಯಾರ್ಥಿವೇತನ, ಭೂಮಿ ಖರೀದಿಯಂತಹ ಬಾಬ್ತುಗಳಿಗೆ ಮೀಸಲಾದ ಹಣ ಎಲ್ಲರಿಗೂ ಹಂಚುವ ಬಾಬ್ತಿಗೆ ಹೋಗುವುದು ಆ ಸಮರ್ಥನೆಯಿಂದ ಸರಿಹೋಗದು.

ವೃದ್ಧಾಪ್ಯ ವೇತನ: ವಿರೋಧವಿಲ್ಲ, ಬೆಂಬಲವೂ ಇಲ್ಲ

ನಿರ್ಗತಿಕ ವೃದ್ಧರಿಗೆ ಪಿಂಚಣಿ ಕೊಡಬಾರದೆನ್ನುವ ಪಕ್ಷ ದೇಶದಲ್ಲಿ ಇಲ್ಲ. 1995ರಲ್ಲಿ ಆರಂಭವಾದ ಕೇಂದ್ರದ ವೃದ್ಧಾಪ್ಯ ವೇತನವು ತಿಂಗಳಿಗೆ 75 ರೂಪಾಯಿ ಇತ್ತು. ಮುಂದಿನ ದಶಕದಲ್ಲಿ 200 ರೂಪಾಯಿಯಾಯಿತು. 2011ರಲ್ಲಿ ವಯೋಮಿತಿಯನ್ನು 65ರಿಂದ 60ಕ್ಕೆ ಇಳಿಸಿ, 80 ದಾಟಿದವರಿಗೆ 500 ರೂಪಾಯಿ ಎಂದು ನಿಗದಿಪಡಿಸಲಾಯಿತು. ವಿಧವಾ ವೇತನ 2012ರಲ್ಲಿ 300 ರೂಪಾಯಿಯಾಯಿತು. ಆ ಬಳಿಕ ಕೇಂದ್ರದ ಪಾಲು ಏರಿಲ್ಲ. ಎರಡು ಕೋಟಿಗೂ ಹೆಚ್ಚು ವೃದ್ಧರು ಈ ವೇತನ ಪಡೆಯುತ್ತಾರೆ.

ಇದರ ಪಕ್ಕದಲ್ಲಿಯೇ ಸರ್ಕಾರಿ ನೌಕರರ ಪಿಂಚಣಿಯ ಚರಿತ್ರೆಯನ್ನು ಇಟ್ಟು ನೋಡಬಹುದು. ನಿವೃತ್ತ ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ವರ್ಷಕ್ಕೆ ಎರಡು ಬಾರಿ ಪರಿಷ್ಕರಣೆಯಾಗುತ್ತದೆ. ಹಳೆಯ ಪಿಂಚಣಿ ಪದ್ಧತಿ ಮರಳಿ ಬೇಕೆಂದು ಹೊಸ ಪದ್ಧತಿಯ ನೌಕರರು ಒತ್ತಾಯಿಸಿದಾಗ ರಾಜಸ್ಥಾನ, ಛತ್ತೀಸಗಢ, ಹಿಮಾಚಲ ಪ್ರದೇಶಗಳ ಸರ್ಕಾರಗಳು ಅದಕ್ಕೆ ಸಮ್ಮತಿಸಿದವು. 2022ರ ಹಿಮಾಚಲ ಚುನಾವಣೆಯಲ್ಲಿ ಅದು ಪ್ರಮುಖ ವಿಷಯವೂ ಆಗಿತ್ತು. ಕರ್ನಾಟಕದ ನೌಕರರು ಅದೇ ಬೇಡಿಕೆಯೊಂದಿಗೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು. ನೌಕರರಿಗೆ ಸಂಘವಿದೆ, ಕಚೇರಿಯಿದೆ, ಕೆಲಸ ನಿಲ್ಲಿಸುವ ಶಕ್ತಿಯಿದೆ. ಅಂಚೆಯಣ್ಣನ ದಾರಿ ಕಾಯುವ, ಅಥವಾ ಬೆರಳಚ್ಚು ಹೊಂದದೆ ಬ್ಯಾಂಕಿನ ಕಟ್ಟೆಯಿಂದ ಹಿಂದಿರುಗುವ ಮುದುಕಿಗೆ ಇವು ಯಾವುವೂ ಇಲ್ಲ.

ಅರುಣಾ ರಾಯ್, ಬಾಬಾ ಆಢಾವ್ ಮೊದಲಾದವರು 2012ರಲ್ಲಿ ಕಟ್ಟಿದ ಪಿಂಚಣಿ ಪರಿಷತ್ತು ಈ ಕೊರತೆಯನ್ನು ನೀಗಿಸಲು ನಡೆದ ಮುಖ್ಯ ಪ್ರಯತ್ನ. ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ನಡೆಸಿದ ವೃದ್ಧರು, ಎಲ್ಲ ಹಿರಿಯರಿಗೂ ತಿಂಗಳಿಗೆ ಕನಿಷ್ಠ 2,000 ರೂಪಾಯಿಯ ಪಿಂಚಣಿ ಕೇಳಿದ್ದರು. ಕೇಂದ್ರದ ಮಟ್ಟದಲ್ಲಿ ಅದು ಈಡೇರಲಿಲ್ಲ. ರಾಜ್ಯಗಳು ತಮ್ಮ ಹಣವನ್ನು ಸೇರಿಸಿ ಅಂತರವನ್ನು ಅಷ್ಟಿಷ್ಟು ತುಂಬಿವೆ. ಕರ್ನಾಟಕದಲ್ಲಿ 2007ರಲ್ಲಿ 400 ರೂಪಾಯಿಯೊಂದಿಗೆ ಆರಂಭವಾದ ಸಂಧ್ಯಾ ಸುರಕ್ಷಾ ವೇತನ 2021ರಲ್ಲಿ 1,000ದಿಂದ 1,200 ರೂಪಾಯಿಗೆ, ವಿಧವಾ ವೇತನ 600ರಿಂದ 800 ರೂಪಾಯಿಗೆ ಏರಿತು. 60ರಿಂದ 79 ವರ್ಷದೊಳಗಿನ ವೃದ್ಧರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ಮಾತ್ರ 200 ರೂಪಾಯಿಯಲ್ಲಿಯೇ ಇದೆ.